ಮುಂದಾಳು ಇಲ್ಲದ ಮೆರವಣಿಗೆ

"ನಿನ್ನೆ ದಕ್ಕೆಯಲ್ಲಿ ಒಂದು ಬೂತಾಯಿಯೂ ಇರಲಿಲ್ಲ ಟೀಚರೇ, ಇವತ್ತು ಕಾಲಿಡಲಿಕ್ಕೆ ಜಾಗ ಇಲ್ಲ" ಎನ್ನುತ್ತಾ ನಮ್ಮ ಮೀನಿನಕ್ಕ ಜಗಲಿಯಲ್ಲಿ ಬುಟ್ಟಿ ಇಳಿಸುವಾಗಲೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ: "ವರ್ಷದ ಸರಾಸರಿ ನೋಡಿದರೆ ಎಲ್ಲ ಸರಿಯಾಗುತ್ತದೆ ಮಾರಾಯ್ತಿ." ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವಳ ಬಾಯಲ್ಲಿ ಬೇರೇನು ಬಂದೀತು? ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನಗುತ್ತಿದ್ದಳು. "ಸರಾಸರಿಯನ್ನು ಮಾರುವುದು ಹೇಗೆ ಟೀಚರೇ? ನನಗೆ ಒಂದು ದಿನ ರಾಶಿ, ಇನ್ನೊಂದು ದಿನ ಖಾಲಿ. ನಡುವಿನದ್ದು ನಾನು ಕಂಡದ್ದೇ ಇಲ್ಲ."

ಈ ಮಾತಿನಲ್ಲಿ ತಪ್ಪಿದ್ದವಳು ನಾನು ಎಂಬುದು ತಿಳಿಯಲು ನನಗೆ ನಿವೃತ್ತಿಯಾಗಬೇಕಾಯಿತು. ತಿಳಿಸಿದವಳು ಬೆಂಗಳೂರಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ನನ್ನ ತಂಗಿಯ ಮಗಳು. ಆ ಕಥೆಯನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ, ಉಳ್ಳಾಲದ ಕಡಲ ಕರೆಯಿಂದಲೇ ಶುರುಮಾಡಬೇಕು.

ಅಲ್ಲಿ ನನ್ನ ಅಜ್ಜಿಮನೆ. ನಾನು ಲಂಗ ತೊಡುತ್ತಿದ್ದ ಕಾಲ, ಅರುವತ್ತರ ದಶಕ. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ರಂಪಣಿ ಬಲೆ ಬೀಳುತ್ತಿತ್ತು. ಈಗಿನ ಮಕ್ಕಳು ರಂಪಣಿ ನೋಡಿಲ್ಲ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ; ಉಳಿದ ಬಲೆಯನ್ನು ದೋಣಿಯಲ್ಲಿ ಹೇರಿಕೊಂಡು ಹೋಗಿ, ಮೀನಿನ ಹಿಂಡಿನ ಸುತ್ತ ಅರ್ಧಚಂದ್ರದ ಹಾಗೆ ಬಿಡುತ್ತಾ ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡ ಮುಟ್ಟಿಸುವುದು. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುವುದು. ಹತ್ತಿಪ್ಪತ್ತು ಜನರಿಂದ ಆಗುವ ಕೆಲಸ ಅದಲ್ಲ. ಊರಿಗೆ ಊರೇ ಹಗ್ಗ ಹಿಡಿಯಬೇಕು. ಬಲೆಯ ಸುತ್ತಳತೆ ಕಿರಿದಾದ ಹಾಗೆ ಒಳಗಿನ ನೀರು ಬಣ್ಣ ಬದಲಿಸುತ್ತಿತ್ತು. ಬಂಗುಡೆಯ ಹಿಂಡು ಒಮ್ಮೆ ಬಲಕ್ಕೆ ಹೊರಳಿದರೆ ಪೂರಾ ಬೆಳ್ಳಿ, ಮತ್ತೊಮ್ಮೆ ಎಡಕ್ಕೆ ಹೊರಳಿದರೆ ಪೂರಾ ನೀಲಿ. ಸಾವಿರಾರು ಮೀನು, ಒಂದೂ ಹಿಂದೆ ಉಳಿಯದೆ, ಒಂದಕ್ಕೊಂದು ಡಿಕ್ಕಿ ಹೊಡೆಯದೆ!

"ಇವುಗಳಿಗೆ ತಿರುಗು ಅಂತ ಹೇಳುವವರು ಯಾರಜ್ಜಿ?" ಎಂದು ಕೇಳಿದ್ದೆ. ಅಜ್ಜಿ ತಡಮಾಡದೆ ಹೇಳಿದರು, "ಅವುಗಳಲ್ಲೂ ಒಬ್ಬ ಗುರಿಕಾರ ಇರುತ್ತಾನೆ ಮಗಾ." ಮೊಗವೀರರ ಊರಿನಲ್ಲಿ ಗುರಿಕಾರನ ಮಾತಿಗೆ ತೂಕ. ಮನುಷ್ಯರಲ್ಲಿ ಹಾಗಿದ್ದರೆ ಮೀನಿನಲ್ಲೂ ಹಾಗೇ ಇರಬೇಕಲ್ಲ?

ಅಜ್ಜಿಯನ್ನು ನಗಬೇಡಿ. ಇಂಗ್ಲೆಂಡಿನ ಎಡ್ಮಂಡ್ ಸೆಲೂಸ್ ಎಂಬ ಮಹಾಶಯ, ಬ್ಯಾರಿಸ್ಟರ್ ಓದಿ ಹಕ್ಕಿ ನೋಡುವುದನ್ನೇ ಬದುಕು ಮಾಡಿಕೊಂಡವರು, ವರ್ಷಗಟ್ಟಲೆ ಹಿಂಡುಗಳನ್ನು ನೋಡಿ 1931ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಇಷ್ಟು ಹಕ್ಕಿಗಳು ಒಂದೇ ಕ್ಷಣದಲ್ಲಿ ತಿರುಗುವುದನ್ನು ವಿವರಿಸಲು ಅವರಿಗೆ ದೊರೆತ ದಾರಿ ಎಂದರೆ ಮನಸ್ಸಿನಿಂದ ಮನಸ್ಸಿಗೆ ಯೋಚನೆ ಹಾರುತ್ತದೆ ಎಂಬುದು. ಅಜ್ಜಿಯ ಗುರಿಕಾರ ಅದಕ್ಕಿಂತ ಎಷ್ಟೋ ವಾಸಿ.

ಗುರಿಕಾರನನ್ನು ಕೆಳಗಿಳಿಸಿದ ಮೊದಲಿಗರಲ್ಲಿ ಒಬ್ಬರು ಜಪಾನಿನ ಇಚಿರೋ ಆಯೋಕಿ. 1982ರಲ್ಲಿ ಮೀನುಗಾರಿಕೆಯ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. ಗಣಕಯಂತ್ರದ ಒಳಗೆ ಕೆಲವು ಲೆಕ್ಕದ ಮೀನುಗಳನ್ನು ಬಿಟ್ಟು, ಪ್ರತಿಯೊಂದಕ್ಕೂ ಪಕ್ಕದವರನ್ನು ಮಾತ್ರ ನೋಡಿ ನಡೆಯುವ ನಿಯಮ ಕೊಟ್ಟರು. ನಾಯಕ ಇಲ್ಲದೆಯೇ ಹಿಂಡು ಸಾಗಿತು. 1987ರಲ್ಲಿ ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಸಿನಿಮಾ ಚಿತ್ರಿಕೆಗಾಗಿ ಹೆಚ್ಚು ಕಡಿಮೆ ಇಂಥದ್ದೇ ಕೆಲಸ ಮಾಡಿದರು: ತೀರಾ ಹತ್ತಿರ ಬಂದರೆ ಸರಿದುಕೋ, ಪಕ್ಕದವರು ಹೋಗುವ ದಿಕ್ಕಿಗೆ ಹೋಗು, ಗುಂಪಿನಿಂದ ತಪ್ಪಿಹೋಗಬೇಡ. ಇಷ್ಟೇ. ನಮ್ಮ ಮನೆಗಳಲ್ಲಿ ಜಾತ್ರೆಗೆ ಹೊರಟ ಹೆಣ್ಣುಮಕ್ಕಳಿಗೆ ಹೇಳುತ್ತಿದ್ದ ಬುದ್ಧಿಮಾತೂ ಇದೇ ಅಲ್ಲವೇ? 1992ರ ಬ್ಯಾಟ್‌ಮನ್ ಸಿನಿಮಾದಲ್ಲಿ ಹಾರಿದ ಬಾವಲಿಗಳ ಹಿಂಡು ಈ ಲೆಕ್ಕದಿಂದಲೇ ಹುಟ್ಟಿದ್ದು.

ಚಿತ್ರ ಚೆಂದ ಬಂದರೆ ಸಿನಿಮಾದವರಿಗೆ ಸಾಕು. ಭೌತಶಾಸ್ತ್ರದವರಿಗೆ ಸಾಲದು. 1995ರಲ್ಲಿ ಹಂಗೇರಿಯ ತಮಾಶ್ ವಿಚೆಕ್ ಮತ್ತು ಅವರ ಸಂಗಡಿಗರು ಎಲ್ಲ ಅಲಂಕಾರ ಕಳಚಿ ಒಂದೇ ನಿಯಮ ಉಳಿಸಿಕೊಂಡರು. ಒಂದು ಚೌಕದಲ್ಲಿ ಚುಕ್ಕೆಗಳು. ಎಲ್ಲಕ್ಕೂ ಸ್ವಂತ ಚಲನೆಯ ಶಕ್ತಿ ಇದೆ, ವೇಗ ಒಂದೇ. ಪ್ರತಿ ಹೆಜ್ಜೆಗೆ ಪ್ರತಿ ಚುಕ್ಕೆ ತನ್ನ ಸುತ್ತಲಿನವರ ಸರಾಸರಿ ದಿಕ್ಕು ಹಿಡಿಯಬೇಕು. ಆದರೆ ಸ್ವಲ್ಪ ತಪ್ಪು ಮಾಡಬೇಕು. ಈ ತಪ್ಪಿಗೆ ಅವರ ಭಾಷೆಯಲ್ಲಿ ಗದ್ದಲ ಎಂದು ಹೆಸರು. ಗದ್ದಲ ಜಾಸ್ತಿ ಇದ್ದರೆ ಸಂತೆ. ಅದನ್ನು ಕಡಿಮೆ ಮಾಡುತ್ತಾ ಬಂದರೆ, ಅಥವಾ ಚುಕ್ಕೆಗಳನ್ನು ಒತ್ತೊತ್ತಾಗಿ ತುಂಬಿದರೆ, ಒಂದು ಹಂತದಲ್ಲಿ ಎಲ್ಲವೂ ಒಂದೇ ಕಡೆಗೆ ಹೊರಟುಬಿಡುತ್ತವೆ. ಯಾವ ಕಡೆಗೆ ಎಂದು ಯಾರೂ ತೀರ್ಮಾನಿಸಿರುವುದಿಲ್ಲ.

ಇಲ್ಲಿ ಒಂದು ತೊಡಕು ಬಂತು. ಅದನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ, ಬೇಸರಿಸಬೇಡಿ. ಒಂದು ಹಾಳೆಯ ಮೇಲೆ ಲೆಕ್ಕವಿಲ್ಲದಷ್ಟು ಬಾಣದ ಗುರುತುಗಳು, ಯಾವ ದಿಕ್ಕಿಗೆ ಬೇಕಾದರೂ ತಿರುಗಬಲ್ಲವು, ಪ್ರತಿಯೊಂದೂ ನೆರೆಯದ್ದನ್ನು ನೋಡಿ ತಿರುಗುತ್ತದೆ ಎಂದುಕೊಳ್ಳಿ. ಸ್ವಲ್ಪ ಗದ್ದಲವಿದ್ದರೂ ಇಡೀ ಹಾಳೆಯ ಬಾಣಗಳು ಒಂದೇ ದಿಕ್ಕಿಗೆ ನಿಲ್ಲಲಾರವು ಎಂದು 1966ರಲ್ಲೇ ಮರ್ಮಿನ್ ಮತ್ತು ವಾಗ್ನರ್ ಸಾಧಿಸಿದ್ದರು. ಸಣ್ಣ ಸಣ್ಣ ತಪ್ಪುಗಳು ಸೇರಿ ಸೇರಿ ಆ ತುದಿಗೆ ಮುಟ್ಟುವಾಗ ದಿಕ್ಕೇ ಮರೆತಿರುತ್ತದೆ. ಹಾಗಾದರೆ ವಿಚೆಕ್ ಅವರ ಚುಕ್ಕೆಗಳಿಗೆ ಇದು ಹೇಗೆ ಸಾಧ್ಯವಾಯಿತು?

ಉತ್ತರ ಕೊಟ್ಟವರು ಅದೇ 1995ರಲ್ಲಿ ಅಮೆರಿಕದ ಐಬಿಎಂನಲ್ಲಿದ್ದ ಜಾನ್ ಟೋನರ್ ಮತ್ತು ಯುಹಾಯ್ ಟು. ಬಾಣಗಳು ನಿಂತಲ್ಲೇ ನಿಂತಿವೆ, ಹಕ್ಕಿಗಳು ಚಲಿಸುತ್ತವೆ. ವ್ಯತ್ಯಾಸ ಅದು ಎಂದರು. ಮದುವೆ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಕೂತವರು ಕೂತಲ್ಲೇ ಕಿವಿಯಿಂದ ಕಿವಿಗೆ ಸುದ್ದಿ ದಾಟಿಸಿದರೆ ಈ ತುದಿಯ "ಮದುಮಗಳ ಅಜ್ಜಿಗೆ ಸೌಖ್ಯ ಇಲ್ಲ" ಎಂಬುದು ಆ ತುದಿಯಲ್ಲಿ "ಮದುಮಗಳಿಗೇ ಸೌಖ್ಯ ಇಲ್ಲ" ಆಗಿರುತ್ತದೆ. ಅದೇ, ಊಟಕ್ಕೆ ಮೊದಲು ಚಪ್ಪರದಲ್ಲಿ ಎಲ್ಲರೂ ಓಡಾಡುತ್ತಿರುವಾಗ ನೋಡಿ. ಇವತ್ತು ನನ್ನ ನೆರೆಯವಳು ಬೇರೆ, ಮರುಗಳಿಗೆ ಬೇರೆ. ಒಬ್ಬೊಬ್ಬರೂ ತಮ್ಮ ಸುದ್ದಿಯನ್ನು ತಾವೇ ಹೊತ್ತುಕೊಂಡು ದೂರದವರ ಹತ್ತಿರ ಹೋಗುತ್ತಾರೆ. ತಪ್ಪುಗಳು ತಿದ್ದಿಹೋಗುತ್ತವೆ. ಚಲಿಸುವವರಿಗೆ ಮಾತ್ರ ಒಮ್ಮತ ಸಿಗುತ್ತದೆ ಎಂಬ ಈ ಗಣಿತಕ್ಕೆ, ವಿಚೆಕ್ ಅವರನ್ನೂ ಸೇರಿಸಿ ಮೂವರಿಗೂ 2020ರ ಲಾರ್ಸ್ ಆನ್ಸಾಗರ್ ಪ್ರಶಸ್ತಿ ಬಂತು.

ಇನ್ನು ಬೆಂಗಳೂರು. "ದೊಡ್ಡಮ್ಮಾ, ನಿಮ್ಮ ಮೀನಿನಕ್ಕನ ಲೆಕ್ಕ ನಮ್ಮ ಕ್ಲಾಸಿನಲ್ಲಿ ಬಂತು" ಎಂದು ತಂಗಿಯ ಮಗಳು ಫೋನು ಮಾಡಿದ್ದು ಈ ಭಾಗದ ಬಗ್ಗೆ. ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀರಾಮ್ ರಾಮಸ್ವಾಮಿ ಮತ್ತು ಆರ್. ಅದಿತಿ ಸಿಂಹ 2002ರಲ್ಲಿ ಈಜುವ ಕಣಗಳ ಹಿಂಡಿನ ಗಣಿತ ಮಾಡಿದರು. ಬ್ಯಾಕ್ಟೀರಿಯಾದಷ್ಟು ಸಣ್ಣ ಜೀವಿಗಳು ನೀರಿನಲ್ಲಿ ಸಾಲು ಕಟ್ಟಿ ಹೊರಟರೆ, ಅವು ಈಜುವಾಗ ಕಲಕಿದ ನೀರೇ ಅವುಗಳ ಸಾಲು ಮುರಿಯುತ್ತದೆ ಎಂದು ತೋರಿಸಿದ್ದು ಆ ಕೆಲಸ. ಮರುವರ್ಷ ಇವರಿಬ್ಬರೂ ಟೋನರ್ ಜೊತೆ ಸೇರಿ ಇನ್ನೊಂದು ಮಾತು ಹೇಳಿದರು. ನನ್ನ ಸರಾಸರಿಯ ಗರ್ವಭಂಗವಾದದ್ದು ಅಲ್ಲಿ.

ಒಂದು ಡಬ್ಬಿ ಹೆಸರುಕಾಳನ್ನು ನೆಲದ ಮೇಲೆ ಕಣ್ಣುಮುಚ್ಚಿ ಚೆಲ್ಲಿ. ಅದರ ಮೇಲೆ ಎಲ್ಲಾದರೂ ಒಂದು ಬಳೆ ಇಟ್ಟು ಒಳಗಿನ ಕಾಳು ಎಣಿಸಿ. ಬೇರೆ ಬೇರೆ ಕಡೆ ಇಟ್ಟು ಎಣಿಸಿದಾಗ ಸರಾಸರಿ 100 ಬಂತು ಎನ್ನೋಣ. ಆಗ ಒಂದೊಂದು ಎಣಿಕೆಯಲ್ಲಿ ಏರುಪೇರು ಸುಮಾರು 10. ಅಂದರೆ 90, 108, 97 ಹೀಗೆ. ಬಳೆಯ ಬದಲು ದೊಡ್ಡ ಹಗ್ಗದ ಸುತ್ತು ಇಟ್ಟು ಸರಾಸರಿ 10,000 ಬಂದರೆ ಏರುಪೇರು ಸುಮಾರು 100 ಮಾತ್ರ. ವರ್ಗಮೂಲದ ಲೆಕ್ಕ ಇದು. ಮೊದಲನೆಯದರಲ್ಲಿ ನೂರಕ್ಕೆ ಹತ್ತು ತಪ್ಪಿದರೆ ಎರಡನೆಯದರಲ್ಲಿ ನೂರಕ್ಕೆ ಒಂದೇ. ಹೆಚ್ಚು ಎಣಿಸಿದಷ್ಟೂ ಸರಾಸರಿ ಗಟ್ಟಿಯಾಗುತ್ತದೆ. ವಿಮೆಯವರ ಲೆಕ್ಕಾಚಾರ, ಜನಗಣತಿಯ ಅಂದಾಜು, ನಾನು ತರಗತಿಯಲ್ಲಿ ಸೀಮೆಸುಣ್ಣ ಸವೆಸಿದ ಪಾಠ ಎಲ್ಲ ನಿಂತಿರುವುದು ಈ ನಂಬಿಕೆಯ ಮೇಲೆ.

ತಮ್ಮಷ್ಟಕ್ಕೆ ಚಲಿಸುತ್ತಾ ಸಾಲುಗೂಡುವ ಕಣಗಳಿಗೆ ಈ ನಂಬಿಕೆ ಸಲ್ಲದು ಎಂದಿತು 2003ರ ಲೇಖನ. ಅಲ್ಲಿ ಸಂಖ್ಯೆ ಬೆಳೆದ ಹಾಗೆ ಏರುಪೇರೂ ಅದರ ಜೊತೆಗೇ ಬೆಳೆಯಬಹುದು. ಹತ್ತು ಸಾವಿರ ಇರಬೇಕಾದಲ್ಲಿ ಹೆಚ್ಚುಕಡಿಮೆ ಆಗುವುದು ನೂರರ ಲೆಕ್ಕದಲ್ಲಲ್ಲ, ಸಾವಿರದ ಲೆಕ್ಕದಲ್ಲಿ. ಇಲ್ಲಿ ಕಿಕ್ಕಿರಿದು, ಅಲ್ಲೇ ಪಕ್ಕದಲ್ಲಿ ಬರಿದಾಗಿ. ಎಷ್ಟು ದೊಡ್ಡ ಬಳೆ ಇಟ್ಟರೂ ಸರಾಸರಿ ಕೈಗೆ ಸಿಗುವುದಿಲ್ಲ. ಒಂದು ದಿನ ರಾಶಿ, ಇನ್ನೊಂದು ದಿನ ಖಾಲಿ!

ಕಾಗದದ ಮೇಲಿನ ಮಾತು ಎನ್ನುವಂತಿಲ್ಲ. 2007ರಲ್ಲಿ ವಿಜಯ್ ನಾರಾಯಣ್, ರಾಮಸ್ವಾಮಿ ಮತ್ತು ಅಮೆರಿಕದಲ್ಲಿರುವ ನಾರಾಯಣನ್ ಮೆನನ್ ಪ್ರಯೋಗದಿಂದಲೇ ತೋರಿಸಿದರು. ಹಕ್ಕಿಯೂ ಇಲ್ಲ, ಮೀನೂ ಇಲ್ಲ; ತಾಮ್ರದ ತಂತಿಯ ಪುಟಾಣಿ ತುಂಡುಗಳು, ಕೆಲವು ಮಿಲಿಮೀಟರ್ ಉದ್ದದವು. ಅವುಗಳನ್ನು ಅದುರುವ ತಟ್ಟೆಯ ಮೇಲೆ ಹರಡಿದರು. ಅದುರುವಿಕೆಯಿಂದ ಜೀವ ಬಂದ ಹಾಗೆ ಕಡ್ಡಿಗಳು ಸಾಲುಗಟ್ಟಿ ಹರಿದಾಡಿದವು. ಎಣಿಸಿ ನೋಡಿದರೆ ಏರುಪೇರು ವರ್ಗಮೂಲದ ಮಾತು ಕೇಳಲಿಲ್ಲ, ಸಂಖ್ಯೆಯ ಜೊತೆಗೇ ಏರಿತು. ಹಾಗೆ ಹುಟ್ಟಿದ ದಟ್ಟಣೆ ಬೇಗ ಕರಗಲೂ ಇಲ್ಲ.

ನನಗೆ ಇದನ್ನು ಓದಿದಾಗ ಕಣ್ಣಿಗೆ ಕಟ್ಟಿದ್ದು ಅಜ್ಜಿಯ ಗೆರಸೆ, ನಮ್ಮ ತುಳುವಿನ ತಡಪೆ. ಅಕ್ಕಿ ಕೇರುವಾಗ ಕೈಯ ಒಂದು ಹದಕ್ಕೆ ನುಚ್ಚು, ಕಲ್ಲು, ಹೊಟ್ಟು ತಮ್ಮತಮ್ಮ ಗುಂಪು ಸೇರುತ್ತವಲ್ಲ, ಅದನ್ನು ನೋಡದ ಹೆಂಗಸು ನಮ್ಮ ತಲೆಮಾರಿನಲ್ಲಿ ಇಲ್ಲ. ಅದು ಬೇರೆ ವಿದ್ಯೆ, ನಿಜ. ಅಲ್ಲಿ ತೂಕದ ಆಟ. ಆದರೂ ಅದುರುವ ತಟ್ಟೆಯಲ್ಲಿ ಕಾಳುಗಳು ಏನೋ ನಿರ್ಧರಿಸಿದ ಹಾಗೆ ವರ್ತಿಸುವುದು ನಮಗೆ ಹೊಸತಲ್ಲ. 2014ರಲ್ಲಿ ಅದೇ ಸಂಸ್ಥೆಯ ನಿತಿನ್ ಕುಮಾರ್, ಹರ್ಷ್ ಸೋನಿ, ರಾಮಸ್ವಾಮಿ, ಎ.ಕೆ. ಸೂದ್ ಇನ್ನೂ ಮುಂದೆ ಹೋದರು. ಈ ಸಲ ಹಿತ್ತಾಳೆಯ ಕಡ್ಡಿಗಳು, ಒಂದು ತುದಿ ದಪ್ಪ, ಇನ್ನೊಂದು ಸಪುರ. ಹಾಗಾಗಿ ಅದುರಿದರೆ ಒಂದೇ ಕಡೆಗೆ ನುಗ್ಗುತ್ತವೆ. ಅವುಗಳ ಸುತ್ತ ಅಲ್ಯೂಮಿನಿಯಂನ ಸಣ್ಣ ಮಣಿಗಳನ್ನು ಹರಡಿದರು. ಮಣಿಗಳಿಗೆ ತಮ್ಮದೇ ಚಲನೆ ಇಲ್ಲ. ಆದರೆ ಮಣಿ ಒತ್ತೊತ್ತಾಗಿದ್ದಾಗ, ದೂರದೂರದಲ್ಲಿದ್ದ ಕೆಲವೇ ಕಡ್ಡಿಗಳು ಒಂದನ್ನೊಂದು ಮುಟ್ಟದೆಯೇ ಒಂದೇ ದಿಕ್ಕು ಹಿಡಿದವು. ಕಡ್ಡಿ ಮಣಿಯನ್ನು ದೂಡುತ್ತದೆ, ಹರಿದ ಮಣಿ ಇನ್ನೊಂದು ಕಡ್ಡಿಯನ್ನು ತಿರುಗಿಸುತ್ತದೆ. ಸುಮ್ಮನೆ ಕೂತವರ ಮೂಲಕವೂ ಸುದ್ದಿ ಹೋಗುತ್ತದೆ ಎಂದಾಯಿತು.

ಜೀವ ಇರುವವು ಏನು ಮಾಡುತ್ತವೆ? ರೋಮ್ ನಗರದ ಆಕಾಶದಲ್ಲಿ ಚಳಿಗಾಲದ ಸಂಜೆ ಕಬ್ಬಕ್ಕಿಯ ಬಂಧುಗಳಾದ ಸ್ಟಾರ್ಲಿಂಗ್ ಹಕ್ಕಿಗಳು ಸಾವಿರಗಟ್ಟಲೆ ಹಾರುತ್ತವೆ. ಇಟಲಿಯ ವಿಜ್ಞಾನಿಗಳು ಒಂದು ವಸ್ತುಸಂಗ್ರಹಾಲಯದ ಮಾಡಿನಿಂದ ಫೋಟೋ ತೆಗೆದು, ಒಂದೊಂದು ಹಕ್ಕಿ ಎಲ್ಲಿದೆ ಎಂದು ಲೆಕ್ಕ ಹಾಕಿ 2008ರಲ್ಲಿ ಪ್ರಕಟಿಸಿದರು: ಒಂದು ಹಕ್ಕಿ ಗಮನಿಸುವುದು ಸುತ್ತಲಿನ ಆರೇಳು ಹಕ್ಕಿಗಳನ್ನು ಮಾತ್ರ. ಅವು ಹತ್ತಿರವೋ ದೂರವೋ ಮುಖ್ಯವಲ್ಲ. ಆ ತಂಡದಲ್ಲಿದ್ದ ಜಾರ್ಜಿಯೋ ಪಾರಿಸಿಗೆ ಒಟ್ಟಾರೆ ಸಂಕೀರ್ಣ ವ್ಯವಸ್ಥೆಗಳ ಕೆಲಸಕ್ಕಾಗಿ 2021ರಲ್ಲಿ ನೊಬೆಲ್ ಬಂತು.

ಮೀನಿನ ಸರದಿ ಮತ್ತೆ ಬೆಂಗಳೂರಿನದ್ದು, ಮೀನು ಮಾತ್ರ ನಮ್ಮ ಕಡೆಯದ್ದು. ಕೇರಳದವರು ಕರಿಮೀನು ಎಂದು ಕರೆದು ತಮ್ಮ ರಾಜ್ಯದ ಮೀನೆಂದು ಮೆರೆಸುವ, ನಮ್ಮ ನೇತ್ರಾವತಿ, ಗುರುಪುರ ನದಿಗಳ ಹಿನ್ನೀರಿನಲ್ಲೂ ಸಿಗುವ, ಮೈಮೇಲೆ ಮುತ್ತಿನಂಥ ಚುಕ್ಕೆಗಳ ಚಪ್ಪಟೆ ಮೀನು ಅದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಶ್ವೇಶ ಗುತ್ತಲ್, ಜಿತೇಶ್ ಝಾವರ್ ಮತ್ತು ಸಂಗಡಿಗರು ಅದರ ಮರಿಗಳನ್ನು 15, 30, 60ರ ಗುಂಪು ಮಾಡಿ ತೊಟ್ಟಿಯಲ್ಲಿ ಬಿಟ್ಟು, ಒಂದೊಂದರ ಚಲನೆಯನ್ನೂ ಗುರುತು ಹಾಕಿದರು. 2020ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಗುಂಪು ಸಣ್ಣದಾದಷ್ಟೂ ಸಾಲು ಅಚ್ಚುಕಟ್ಟು. ಅರುವತ್ತಕ್ಕಿಂತ ಹದಿನೈದು ಹೆಚ್ಚು ಒಗ್ಗಟ್ಟು. ಮತ್ತು ಆ ಒಗ್ಗಟ್ಟನ್ನು ಹುಟ್ಟಿಸುವುದು ಯಾವುದನ್ನು ನಾವು ಕೆಡುಕು ಎಂದುಕೊಂಡಿದ್ದೆವೋ ಆ ಗದ್ದಲವೇ.

ನನಗೆ ಇದು ಮೊದಲ ಓದಿಗೆ ತಲೆಗೆ ಹತ್ತಲಿಲ್ಲ. ತಂಗಿಯ ಮಗಳು ವಿವರಿಸಿದ ಮೇಲೆ ನಾನು ನನ್ನದೇ ಒಂದು ಉದಾಹರಣೆ ಮಾಡಿಕೊಂಡೆ. ಮಹಿಳಾ ಸಮಾಜದ ಪ್ರವಾಸಕ್ಕೆ ಯಾವ ಬಣ್ಣದ ಸೀರೆ ಎಂಬ ಚರ್ಚೆ. ಎಲ್ಲರ ಸರಾಸರಿ ತೆಗೆಯುವವರು ಯಾರೂ ಇಲ್ಲ. ಪ್ರತಿಯೊಬ್ಬಳೂ ಯಾರೋ ಒಬ್ಬಳಿಗೆ ಫೋನು ಮಾಡಿ, ಅವಳು ಹೇಳಿದ ಬಣ್ಣವನ್ನೇ ತನ್ನದು ಮಾಡಿಕೊಳ್ಳುತ್ತಾಳೆ. ಆಗಾಗ ಒಬ್ಬಳು ತನ್ನಷ್ಟಕ್ಕೇ ಮನಸ್ಸು ಬದಲಿಸುತ್ತಾಳೆ. ಹದಿನೈದೇ ಜನ ಇದ್ದರೆ ನಾಲ್ಕಾರು ಫೋನಿನಲ್ಲಿ ಆಕಸ್ಮಿಕವಾಗಿ ಒಂದು ಬಣ್ಣದ ಕಡೆ ತಕ್ಕಡಿ ವಾಲಿ, ಎಲ್ಲರೂ ನೀಲಿ ಎಂದುಬಿಡುತ್ತಾರೆ. ಅರುವತ್ತು ಜನ ಇದ್ದರೆ ಒಂದು ಕಡೆಯ ಆಕಸ್ಮಿಕವನ್ನು ಇನ್ನೊಂದು ಕಡೆಯ ಆಕಸ್ಮಿಕ ಹೊಡೆದುಹಾಕುತ್ತದೆ. ಅಷ್ಟರಲ್ಲಿ ಇನ್ಯಾರಿಗೋ ಹಸಿರು ನೆನಪಾಗುತ್ತದೆ. ಕರಿಮೀನಿನ ಮರಿ ಮಾಡುವುದೂ ಇಷ್ಟೇ: ಒಮ್ಮೆ ಯಾವುದೋ ಒಂದು ನೆರೆಯದನ್ನು ಅನುಸರಿಸುವುದು, ಒಮ್ಮೆ ತನ್ನಿಚ್ಛೆಗೆ ತಿರುಗುವುದು. ಎಲ್ಲ ಮೀನುಗಳೂ ಹೀಗೇ ಎಂದು ಇದರಿಂದ ಹೇಳುವಂತಿಲ್ಲ. ರೋಮಿನ ಹಕ್ಕಿಗೆ ಆರೇಳು ನೆರೆಯವರು, ಕರಿಮೀನಿಗೆ ಒಂದು ಸಾಕು.

ಈ ಗಣಿತವೆಲ್ಲ ನಮ್ಮ ಕರಾವಳಿಗೆ ಏಕೆ ಬೇಕು ಎಂದರೆ, ಹಿಂಡು ಕಟ್ಟುವ ಗುಣದ ಮೇಲೆಯೇ ಇಲ್ಲಿನ ಸಾವಿರಾರು ಒಲೆಗಳು ಉರಿಯುವುದು. ಬೂತಾಯಿ, ಬಂಗುಡೆ ಒಂದೊಂದಾಗಿ ಕಡಲಲ್ಲಿ ಹರಡಿಕೊಂಡಿದ್ದರೆ ಯಾವ ಬಲೆಗೂ ಲಾಭವಿಲ್ಲ. ದೊಡ್ಡ ಮೀನಿನ ಬಾಯಿಂದ ಪಾರಾಗಲು ಒಟ್ಟಾಗುತ್ತವೆ, ಒಟ್ಟಾದ್ದರಿಂದ ಬಲೆಗೆ ಬೀಳುತ್ತವೆ. ರಂಪಣಿ ದಡದ ಹತ್ತಿರ ಬಂದ ಹಿಂಡನ್ನು ಕಾಯುತ್ತಿತ್ತು; ಬರದಿದ್ದರೆ ಇಲ್ಲ. ಎಪ್ಪತ್ತರ ದಶಕದ ನಡುವಿನಿಂದ ಮಂಗಳೂರಿನಲ್ಲಿ ಪರ್ಸೀನ್ ದೋಣಿಗಳು ಬಂದವು. ಹಿಂಡು ಇದ್ದಲ್ಲಿಗೇ ಯಂತ್ರದಲ್ಲಿ ಹೋಗಿ, ಸುತ್ತ ಬಲೆ ಬಿಟ್ಟು, ಅಡಿಯ ಹಗ್ಗವನ್ನು ಎಲೆಯಡಿಕೆ ಸಂಚಿಯ ದಾರ ಎಳೆದ ಹಾಗೆ ಬಿಗಿದು ಪೂರಾ ಹಿಂಡನ್ನು ಎತ್ತುವ ಬಲೆ ಅದು. ದಡದವರಿಗೂ ದೋಣಿಯವರಿಗೂ ಜಗಳವಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಮೂಲೆ ಸೇರಿತು. ಸಣ್ಣ ಕೈರಂಪಣಿ ಅಲ್ಲಲ್ಲಿ ಉಳಿದಿದೆ. ಅಜ್ಜಿಮನೆಯ ಎದುರು ಹಗ್ಗ ಎಳೆಯುತ್ತಿದ್ದವರ ಮಕ್ಕಳಲ್ಲಿ ಹಲವರು ದಕ್ಕೆಯ ದೋಣಿಗಳಿಗೆ ಕೂಲಿಗೆ ಹೋದರು.

ಭಯದ ಮಾತು ಇನ್ನೊಂದಿದೆ. ಹಿಂಡಿನ ಮೀನು ಕಡಿಮೆಯಾದಾಗ ತೆಳ್ಳಗೆ ಹರಡುವುದಿಲ್ಲ. ಉಳಿದವು ಮತ್ತೆ ಒತ್ತಿಕೊಂಡೇ ಇರುತ್ತವೆ. ಆದ್ದರಿಂದ ಹಿಂಡು ಸಿಕ್ಕಿದ ದೋಣಿಗೆ ಬಲೆ ತುಂಬುತ್ತದೆ, ಕಡಲು ತುಂಬಿಯೇ ಇದೆ ಎನ್ನಿಸುತ್ತದೆ. ಕೆನಡಾದ ಪೂರ್ವ ಕರಾವಳಿಯಲ್ಲಿ ಕಾಡ್ ಮೀನಿಗೆ ಆದದ್ದು ಇದು. ಕೊನೆಯ ವರ್ಷಗಳಲ್ಲಿ ಅಳಿದುಳಿದ ಮೀನು ಒಂದೆಡೆ ಸೇರಿದ್ದರಿಂದ ದೋಣಿಗಳಿಗೆ ಕೊರತೆ ಗೊತ್ತಾಗಲಿಲ್ಲ. 1992ರಲ್ಲಿ ಸರಕಾರ ಹಿಡಿಯುವುದನ್ನೇ ನಿಲ್ಲಿಸಬೇಕಾಯಿತು. ನಮ್ಮ ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಬಂದಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನೂ ಇರಲಿಲ್ಲ. ಇದಕ್ಕೆ ಬಲೆಯೊಂದೇ ಕಾರಣವಲ್ಲ, ಕಡಲಿನ ಬಿಸಿ, ಮಳೆ, ಆಹಾರ ಎಲ್ಲ ಸೇರಿದೆ. ಬೂತಾಯಿ ಹಿಂದೆಯೂ ಮಾಯವಾಗಿ ಮತ್ತೆ ಬಂದದ್ದಿದೆ. ಆದರೆ ಬುಟ್ಟಿ ನೋಡಿ ಕಡಲನ್ನು ಅಳೆಯಲಾಗದು ಎಂಬುದಕ್ಕೆ ನನಗೆ ಬೇರೆ ಸಾಕ್ಷಿ ಬೇಡ. ಇಂಥ ಮೀನಿಗೆ ಸರಾಸರಿ ಹಿಡಿತದ ಮೇಲೆ ನಿಯಮ ಮಾಡುವವರು ನನ್ನ ಹಾಗೆಯೇ ಮೀನಿನಕ್ಕನ ಎದುರು ಸೋಲಬೇಕಾದೀತು.

ನಾನಂತೂ ಸೋಲೊಪ್ಪಿಕೊಂಡೆ. ಒಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ಆಕೆಗೆ ಹೆಸರುಕಾಳು, ಬಳೆ, ತಾಮ್ರದ ಕಡ್ಡಿ ಎಲ್ಲ ಹೇಳಿದೆ. ಮೀನು ಸೀಳುತ್ತಾ ಪೂರಾ ಕೇಳಿದಳು. ಹಿಂಡಿಗೆ ಗುರಿಕಾರ ಇಲ್ಲವಂತೆ ಎಂದಾಗ ಮಾತ್ರ ಕತ್ತಿ ನಿಂತಿತು.

"ಇಲ್ಲವಾ? ಹಾಗಾದರೆ ಬಲೆಗೆ ಬೀಳುವಾಗ ಯಾರನ್ನು ಬೈಯುತ್ತವೆ ಟೀಚರೇ ಅವು?" ಎಂದು ಕೇಳಿ, ಬೂತಾಯಿ ಎಣಿಸಿ ಪಾತ್ರೆಗೆ ಹಾಕಿದಳು. ಇಪ್ಪತ್ತು ಎಣಿಸಿ, ಮೇಲೆ ಎರಡು.